ಸ್ಲೈಡಿಗೆ ಗ್ರೀಸ್ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ವರ್ಕ್‌ಶಾಪಿನ ಮಿಲ್ಲಿಂಗ್ ಮಷೀನಿಗೆ, ಅಂದರೆ ತಿರುಗುವ ಕಟರಿನಿಂದ ಲೋಹ ಕೆತ್ತುವ ಮಷೀನಿಗೆ, ಎಣ್ಣೆ ಹಾಕುವ ಬಗ್ಗೆ ಮಾತಾಡೋಣ.

ಕಟರ್ ಮೊಂಡಾದರೆ ಕೂಡಲೇ ಗೊತ್ತಾಗುತ್ತದೆ. ಸದ್ದು ಬದಲಾಗುತ್ತದೆ, ಜಾಬಿನ, ಅಂದರೆ ಕೆತ್ತುತ್ತಿರುವ ತುಂಡಿನ, ಮೈ ಒರಟಾಗುತ್ತದೆ. ಜಾಬ್ ಇಡುವ ಟೇಬಲ್ ಓಡಾಡುವ ಸ್ಲೈಡ್, ಅಂದರೆ ಜಾರುದಾರಿ, ಹಾಗಲ್ಲ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ಗೊತ್ತಾಗುವ ಹೊತ್ತಿಗೆ ಮಷೀನನ್ನೇ ಬಿಚ್ಚಿ, ಸ್ಲೈಡಿನ ಮೈ ಮತ್ತೆ ಸಮ ಮಾಡಲು ಗ್ರೈಂಡಿಂಗ್, ಸ್ಕ್ರೇಪಿಂಗ್ ಮಾಡಿಸಬೇಕಾಗುತ್ತದೆ. ಹಾಗಾಗಿ ನನ್ನ ಮಾತೆಲ್ಲ ಜಾಸ್ತಿ ಸ್ಲೈಡಿನ ಸುತ್ತಲೇ.

ವೇಗವಾಗಿ ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನು ಒಳಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಟೇಬಲಿಗೆ ಆ ಅನುಕೂಲವಿಲ್ಲ. ಅದು ಭಾರವಾಗಿದೆ, ನಿಧಾನವಾಗಿ ಸರಿಯುತ್ತದೆ. ಸುಮ್ನೆ ನಿಂತಾಗ ಕೆಳಗಿನ ಎಣ್ಣೆ ಪಕ್ಕಕ್ಕೆ ಹಿಂಡಿಹೋಗುತ್ತದೆ. ಆಮೇಲೆ ನೀವು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಸರಿಸೋಣ ಅಂತ ಹ್ಯಾಂಡ್‌ವೀಲ್ ತಿರುಗಿಸಿದರೆ ಟೇಬಲ್ ಮೊದಲು ಅಲ್ಲಾಡುವುದೇ ಇಲ್ಲ. ಇನ್ನೊಂಚೂರು ತಿರುಗಿಸಿದರೆ ಒಮ್ಮೆಲೇ ಜಿಗಿದು ಐದು ಭಾಗ ಹೋಗಿರುತ್ತದೆ. ಎಷ್ಟೋ ಸಲ ನಾವು ಬೈಯುವುದು ಟೇಬಲ್ ಸರಿಸುವ ಲೀಡ್‌ಸ್ಕ್ರೂವನ್ನು, ಕೊರತೆ ಇರುವುದು ಎಣ್ಣೆಯಲ್ಲಿ.

ಸ್ಲೈಡ್‌ವೇ ಆಯಿಲ್ ಅಂತಲೇ ಬೇರೆ ಎಣ್ಣೆ ಇರುವುದು ಇದಕ್ಕೇ. ಅದರಲ್ಲಿ ಲೋಹಕ್ಕೆ ಅಂಟಿಕೊಳ್ಳುವ ಗುಣ ಬರುವಂತೆ, ಹಿಡಿದು ಜಿಗಿಯುವುದು ಕಡಿಮೆಯಾಗುವಂತೆ ಬೇರೆ ವಸ್ತುಗಳನ್ನು ಸೇರಿಸಿರುತ್ತಾರೆ. ಸಾಮಾನ್ಯ ಮಷೀನಿಗೆ ಐಎಸ್‌ಒ ವಿಜಿ 68 ದರ್ಜೆ ಹೊಂದುತ್ತದೆ. ನೇರ ನಿಂತ ದೊಡ್ಡ ಸ್ಲೈಡುಗಳಿಗೆ 220ರಂಥ ದಪ್ಪ ಎಣ್ಣೆ ಬಳಸುವುದುಂಟು. ಮಷೀನಿನ ಪ್ಲೇಟಿನಲ್ಲೋ ಕೈಪಿಡಿಯಲ್ಲೋ ಬೇರೆ ಹೇಳಿದ್ದರೆ ಅದೇ ಸರಿ. ಈ 68 ಅನ್ನುವುದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ದಪ್ಪ ಅನ್ನುವುದರ ಅಳತೆ ಮಾತ್ರ. ಹೈಡ್ರಾಲಿಕ್ ಆಯಿಲ್ ಡಬ್ಬಿಯ ಮೇಲೂ 68 ಇರಬಹುದು. ದಪ್ಪ ಒಂದೇ, ಆದರೆ ಅಂಟುವ ಗುಣ ಇಲ್ಲ. ಇಂಜಿನ್ ಆಯಿಲ್? ಅದು ಕೊಳೆಯನ್ನು ತನ್ನೊಳಗೇ ತೇಲಿಸಿ ಇಟ್ಟುಕೊಳ್ಳುವ ಎಣ್ಣೆ. ಇಂಜಿನ್‌ನಲ್ಲಿ ಫಿಲ್ಟರ್ ಇದೆ, ಕೊಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಲೈಡಿಗೆ ಎಲ್ಲಿದೆ ಫಿಲ್ಟರ್?

ಇನ್ನು ಗ್ರೀಸ್. "ಗ್ರೀಸ್ ಹಚ್ಚಿದರೆ ಬೇಗ ಒಣಗಲ್ಲ" ಅನ್ನುವವರು ಬಹಳ. ಒಣಗುವುದಿಲ್ಲ, ನಿಜ. ಆದರೆ ಸ್ಲೈಡಿನ ಎಣ್ಣೆ ಹರಿದು ಹೋಗಬೇಕಾದದ್ದು. ಹೋಗುವಾಗ ಸಣ್ಣ ಪುಡಿಯನ್ನೂ ಜೊತೆಗೆ ಹೊರಗೆ ತಳ್ಳುತ್ತದೆ. ಗ್ರೀಸ್ ಅಲ್ಲೇ ಕೂತು ಆ ಪುಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಕದ ಕಬ್ಬಿಣದ ಪುಡಿ ಸೇರಿದ ಗ್ರೀಸ್ ಅಂದರೆ ಲೋಹವನ್ನು ಉಜ್ಜಿ ಸವೆಸುವ ಲ್ಯಾಪಿಂಗ್ ಪೇಸ್ಟ್ ಇದ್ದ ಹಾಗೆಯೇ. ಕೆಲವು ಹಳೆಯ ಮಷೀನುಗಳಲ್ಲಿ ನಿಪ್ಪಲ್, ಅಂದರೆ ಎಣ್ಣೆಯೋ ಗ್ರೀಸೋ ತುಂಬುವ ಸಣ್ಣ ಮೂತಿ, ನೋಡಿ ಗ್ರೀಸ್ ಗನ್ ಹಿಡಿದು ಬಂದುಬಿಡುತ್ತಾರೆ. ಅವು ಎಣ್ಣೆಗೆಂದೇ ಇಟ್ಟ ನಿಪ್ಪಲ್ ಆಗಿರಬಹುದು, ಕೈಪಿಡಿ ನೋಡಿ. ಒಮ್ಮೆ ಗ್ರೀಸ್ ಹೋಯಿತೆಂದರೆ ಒಳಗಿನ ಸಣ್ಣ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಎಣ್ಣೆ ಹಾಕಿದರೂ ಒಳಗೆ ತಲುಪುವುದಿಲ್ಲ.

ಕೈಯಿಂದ ಎಳೆಯುವ ಲೂಬ್ರಿಕೇಶನ್ ಪಂಪ್ ಇದ್ದರೆ, ಎಳೆದು ಬಿಟ್ಟ ಮೇಲೆ ಹಿಡಿ ಹೇಗೆ ವಾಪಸ್ ಹೋಗುತ್ತದೆ ಗಮನಿಸಿ. ನಿಧಾನಕ್ಕೆ ಹೋಗಬೇಕು. ಸರ್ರನೆ ಹೋದರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಪೈಪ್ ತುಂಡಾಗಿ ಎಣ್ಣೆಯೆಲ್ಲ ಅಲ್ಲೇ ಸುರಿಯುತ್ತಿದೆ. ಅಲ್ಲಾಡದೆ ನಿಂತರೆ ದಾರಿ ಕಟ್ಟಿಕೊಂಡಿದೆ. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಾಗದೇ ಇದ್ದರೆ ಮಷೀನ್ ಚೆನ್ನಾಗಿದೆ ಅಂತ ಖುಷಿಪಡಬೇಡಿ. ಎಣ್ಣೆ ಹೋಗಬೇಕಾದ ಜಾಗಕ್ಕೆ ಹೋಗುತ್ತಿಲ್ಲ ಅಂತಲೇ ಅರ್ಥ. ಬೆಳಗ್ಗೆ ಪಂಪ್ ಎಳೆದ ಮೇಲೆ ಟೇಬಲ್, ಅದರ ಕೆಳಗಿನ ಸ್ಯಾಡಲ್, ಇವೆರಡನ್ನೂ ಹೊತ್ತು ಮೇಲೆ ಕೆಳಗೆ ಹೋಗುವ ನೀ (knee) ಮೂರನ್ನೂ ಈ ತುದಿಯಿಂದ ಆ ತುದಿಗೆ ಓಡಿಸಿ. ಆಗ ಇಡೀ ಸ್ಲೈಡಿಗೆ ಎಣ್ಣೆ ಹರಡುತ್ತದೆ.

ತುದಿಯವರೆಗೂ ಓಡಿಸುವುದರಿಂದ ಇನ್ನೊಂದು ಲಾಭವೂ ಇದೆ. ಜಾಬ್ ಹಿಡಿಯುವ ವೈಸ್ ಟೇಬಲಿನ ಮಧ್ಯದಲ್ಲೇ ಇರುತ್ತದೆ, ಕೆಲಸವೂ ಅಲ್ಲೇ ನಡೆಯುತ್ತದೆ, ಸವೆತವೂ ಅಲ್ಲೇ. ಮಧ್ಯದಲ್ಲಿ ಸಲೀಸಾಗಿ ಓಡಿ ತುದಿಗಳಲ್ಲಿ ಬಿಗಿಯಾದರೆ ಸವೆತ ಶುರುವಾಗಿದೆ ಅಂತ ಲೆಕ್ಕ. ಆಗ ಮಧ್ಯದ ಆಟ, ಅಂದರೆ ಸಡಿಲು, ತೆಗೆಯಲು ಸ್ಲೈಡಿನ ಸಂದು ಹೊಂದಿಸುವ ಗಿಬ್ ಪಟ್ಟಿ ಬಿಗಿ ಮಾಡಿದರೆ ತುದಿಯಲ್ಲಿ ಟೇಬಲ್ ಸಿಕ್ಕಿಕೊಳ್ಳುತ್ತದೆ. ತುದಿಗೆ ಬೇಕಾದಷ್ಟೇ ಬಿಗಿ ಮಾಡಿ, ಮಧ್ಯದಲ್ಲಿ ಉಳಿದ ಆಟವನ್ನು ಸಹಿಸಿಕೊಂಡು, ಕಟಿಂಗ್ ಮಾಡುವಾಗ ಸರಿಸದ ಸ್ಲೈಡುಗಳನ್ನು ಲಾಕ್ ಮಾಡುವುದೇ ವಾಸಿ.

ಚಿಪ್ಸ್, ಅಂದರೆ ಕೆತ್ತಿದ ಲೋಹದ ಚೂರು, ತೆಗೆಯಲು ಬ್ರಷ್ ಬಳಸಿ, ಅದೂ ಕಟರ್ ತಿರುಗಿಸುವ ಸ್ಪಿಂಡಲ್ ನಿಂತ ಮೇಲೆ. ಗಾಳಿ ಹೊಡೆದರೆ ಟೇಬಲ್ ನೋಡಲು ಚೆಂದ, ಆದರೆ ಪುಡಿಯು ಕೊಳೆ ತಡೆಯುವ ವೈಪರ್ ದಾಟಿ ಸ್ಲೈಡಿನೊಳಗೆ ನುಗ್ಗುತ್ತದೆ. ಕಣ್ಣಿಗೂ ಹಾರುತ್ತದೆ. ಫೆಲ್ಟ್ ವೈಪರ್ ಗಟ್ಟಿಯಾಗಿದ್ದರೆ ಬದಲಾಯಿಸಿ, ದೊಡ್ಡ ಖರ್ಚೇನಲ್ಲ.

ಸ್ಪಿಂಡಲ್ ಟೇಪರ್ ಮಾತ್ರ ಇದಕ್ಕೆಲ್ಲ ಹೊರತು. ಟೂಲ್ ಕೂರುವ ಆ ಜಾಗ ಒಣಗಿ ಶುಭ್ರವಾಗಿರಬೇಕು. ಅಲ್ಲಿ ಒಂದು ಸಣ್ಣ ಚಿಪ್ ಸಿಕ್ಕಿದರೂ ಕಟರ್ ಓಲಾಡುತ್ತದೆ. ಸ್ಪಿಂಡಲ್ ಬೇರಿಂಗ್ ಸೀಲ್ ಆಗಿದ್ದರೆ ಅದರ ಗೊಡವೆಗೆ ಹೋಗಬೇಡಿ. ಗೇರ್‌ಬಾಕ್ಸ್ ಎಣ್ಣೆ ಕಿಟಕಿ ಗಾಜಿನ ಗೆರೆಯವರೆಗೆ ಇದ್ದರೆ ಸಾಕು.

ಕಟರನ್ನು ತಂಪಾಗಿಸುವ ಕೂಲಂಟ್ ನೀರು ಬೆರೆತದ್ದು, ಸ್ಲೈಡಿನ ಎಣ್ಣೆಯನ್ನು ತೊಳೆದು ಕೂಲಂಟ್ ಟ್ಯಾಂಕಿಗೆ ಒಯ್ಯುತ್ತದೆ. ಅಲ್ಲಿ ಅದು ಮೇಲೆ ಪದರ ಕಟ್ಟಿ, ಕೆಳಗೆ ಗಾಳಿಯಾಡದೆ ಬ್ಯಾಕ್ಟೀರಿಯಾ ಬೆಳೆದು ನಾರುತ್ತದೆ. ಪದರವನ್ನು ಆಗಾಗ ತೆಗೆಯಿರಿ. ಕೂಲಂಟ್ ಹಾಕಿ ಕೆಲಸ ಮಾಡಿದ ದಿನ ಪಂಪನ್ನು ಇನ್ನೊಂದು ಸಲ ಎಳೆಯಿರಿ. ನಾಲ್ಕು ದಿನ ರಜೆ ಇದೆಯೆಂದರೆ ವೈಸ್ ಎತ್ತಿ, ಕೆಳಗೆ ನಿಂತ ಕೂಲಂಟ್ ಒರೆಸಿ, ಟೇಬಲಿಗೆ ತೆಳುವಾಗಿ ಎಣ್ಣೆ ಹಚ್ಚಿ ಹೋಗಿ. ತುಕ್ಕು ಮೊದಲು ಹಿಡಿಯುವುದು ವೈಸ್ ಕೆಳಗೇ. ನಮಸ್ಕಾರ.