ಊರು ಕೇಳಿಸುವುದು ಬೇಸ್‌ನಲ್ಲಿ

ನಮಸ್ಕಾರ. ಹೋದ ಸಂಚಿಕೆಗೆ ಬಂದ ಒಂದು ಕಾಮೆಂಟ್ ಓದಿ ತಲೆ ಕೆಟ್ಟುಹೋಯಿತು. ಮಹಾನಗರಗಳ ಮೇಲೆ ಮಾಡಿದ ಜಾಝ್ ಟ್ರಿಯೊ ಆಲ್ಬಮ್‌ಗಳ ಬಗ್ಗೆ ಮಾತಾಡಿದ್ದೆ ಅಲ್ವಾ? ಒಬ್ಬರು ಬರೆದಿದ್ದಾರೆ: "ಹಾಡಿಲ್ಲ, ಮಾತಿಲ್ಲ, ಬರೀ ಪಿಯಾನೊ. ಪ್ಯಾರಿಸ್ ಅನ್ನುವ ಹೆಸರು ತೆಗೆದು ಮ್ಯಾಡ್ರಿಡ್ ಅಂತ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ?"

ಬರೀ ಪಿಯಾನೊ ಅಂತೆ! ಟ್ರಿಯೊ ಅಂದರೆ ಮೂರು ಜನ ಸ್ವಾಮಿ. ಪಿಯಾನೊ, ಡಬಲ್ ಬೇಸ್ (ನಿಂತು ನುಡಿಸುವ, ಆಳದ ಸ್ವರದ ದೊಡ್ಡ ತಂತಿವಾದ್ಯ), ಡ್ರಮ್ಸ್. ಊರು ಇರುವುದೇ ಪಿಯಾನೊ ಹಿಂದಿನ ಆ ಇಬ್ಬರ ಕೈಯಲ್ಲಿ. ಬೇಸ್ ಕೇಳಿ.

ಕೆನಡಾದ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ 1964ರಲ್ಲಿ 'ಕೆನಡಿಯಾನಾ ಸೂಟ್' ಅನ್ನುವ ಆಲ್ಬಮ್ ಮಾಡಿದರು. ಎಂಟು ಟ್ರ್ಯಾಕ್, ಕೆನಡಾದ ಪೂರ್ವದಿಂದ ಪಶ್ಚಿಮಕ್ಕೆ ಪ್ರಯಾಣ. ಅವರ ತಂದೆ ರೈಲಿನಲ್ಲಿ ಪೋರ್ಟರ್ ಆಗಿದ್ದವರು, ಗೊತ್ತಾ? ಶುರುವಿನ ಟ್ರ್ಯಾಕ್ ನಿಧಾನದ್ದು. ಮುಂದೆ ಪೀಟರ್ಸನ್ ಹುಟ್ಟೂರು ಮಾಂಟ್ರಿಯಲ್‌ನ ಸೇಂಟ್ ಹೆನ್ರಿ ಬಡಾವಣೆ ಬಂದಾಗ ನೋಡಿ, ರೇ ಬ್ರೌನ್ ಬೇಸ್ ಓಡುತ್ತದೆ! ಡ್ರಮ್ಸ್‌ನ ಎಡ್ ಥಿಗ್ಪೆನ್ ಬಾರಿಸುವ ಸಿಂಬಲ್, ಅಂದರೆ ಲೋಹದ ತಟ್ಟೆ, ಅದರ ಬೆನ್ನಿಗೇ ಇರುತ್ತದೆ. ಆ ಬೀದಿಯ ಜನರ ನಡಿಗೆ ಕೇಳಿಸುವುದು ಅಲ್ಲಿ.

"ಎಲ್ಲಾ ಟ್ರ್ಯಾಕಲ್ಲೂ ಬೇಸ್ ಡುಂ ಡುಂ ಅಂತಲೇ ಇರುತ್ತದಲ್ಲ" ಅಂತ ಇನ್ನೊಬ್ಬರು. ಅಯ್ಯೋ! ಎಲ್ಲರೂ ಎರಡೇ ಕಾಲಲ್ಲಿ ನಡೆಯುತ್ತಾರೆ, ಹಾಗಂತ ಎಲ್ಲರ ನಡಿಗೆ ಒಂದೇನಾ?

ನಂಬಿಕೆ ಬರದಿದ್ದರೆ ಪಿಯಾನೊ ವಾದಕ ಬ್ರಾಡ್ ಮೆಲ್ಡಾವ್ 2000ದಲ್ಲಿ ತಂದ 'ಪ್ಲೇಸಸ್' ಹಾಕಿ. ಪ್ಯಾರಿಸ್, ಮ್ಯಾಡ್ರಿಡ್, ಆಮ್‌ಸ್ಟರ್‌ಡ್ಯಾಮ್, ಹೀಗೆ ಊರುಗಳ ಹೆಸರಿನ ಟ್ರ್ಯಾಕ್‌ಗಳು. ಕೆಲವು ಒಬ್ಬರೇ ನುಡಿಸಿದ್ದು, ಕೆಲವು ಮೂವರೂ ಸೇರಿ. ಪಿಯಾನೊ ಒಂದೇ ಇದ್ದಾಗ ಮನುಷ್ಯ ಎಲ್ಲೋ ದೂರ ಕೂತು ಊರನ್ನು ನೆನೆಸಿಕೊಳ್ಳುತ್ತಿದ್ದಾನೆ. ಲ್ಯಾರಿ ಗ್ರೆನೇಡಿಯರ್ ಬೇಸ್ ಬಂತೋ, ಊರೊಳಗೇ ಇದ್ದಾನೆ! ಇದಕ್ಕಿಂತ ಸಾಕ್ಷಿ ಬೇಕಾ?

ಹಾಂ, ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಈಗಲೇ ಮಾಡಿ. ಮುಂದಿನ ಸಂಚಿಕೆ ಪೂರ್ತಿ ಡ್ರಮ್ ಬ್ರಷ್‌ಗಳ ಮೇಲೆ. ಕೋಲಿನ ಬದಲು ಹಿಡಿಯುವ ತಂತಿಯ ಬ್ರಷ್‌ಗಳು ಅವು. ಒಂದು ಬ್ರಷ್ ಸ್ನೇರ್ ಡ್ರಮ್ ಮೇಲೆ ಸುತ್ತುತ್ತಾ ಇರುತ್ತದೆ, ಇನ್ನೊಂದು ತಾಳ ತಟ್ಟುತ್ತದೆ. ಎಷ್ಟು ಚೆಂದ ಅಂತೀರಿ!

ಇನ್ನೊಂದು ಮಾತು. ನೀವೆಲ್ಲಾ ಇದನ್ನು ಫೋನ್ ಸ್ಪೀಕರ್‌ನಲ್ಲಿ ಕೇಳುತ್ತೀರಿ, ಅಲ್ವಾ? ಡಬಲ್ ಬೇಸ್‌ನ ಅತಿ ದಪ್ಪ ತಂತಿ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಸಲ ಕಂಪಿಸುವಷ್ಟು ಆಳದ ಸ್ವರ. ಆ ಪುಟ್ಟ ಸ್ಪೀಕರ್‌ಗೆ ಅದು ಎಟುಕುವುದೇ ಇಲ್ಲ. ಅರ್ಧ ಸಂಗೀತ ಬಿಟ್ಟು "ಬರೀ ಪಿಯಾನೊ" ಅಂತ ಕಾಮೆಂಟ್ ಹಾಕಿದರೆ ಹೇಗೆ? ಹೆಸರು ಬದಲಾಯಿಸಿದರೆ ಗೊತ್ತಾಗಲ್ವಂತೆ! ಬೇಸ್ ಕೇಳಿ ಸ್ವಾಮಿ, ಬೇಸ್! ಹೆಡ್‌ಫೋನ್ ಹಾಕಿ, ಇನ್ನೊಮ್ಮೆ ಮೊದಲಿಂದ ಕೇಳಿ, ಆಮೇಲೆ ಬಂದು ಬರೆಯಿರಿ. ನಾನು ಓದುತ್ತೇನೆ.