ಬಂದ ರೀಡಿಂಗೇ ಬರೀರಿ

ಎಲ್ರಿಗೂ ನಮಸ್ಕಾರ. ಚಿತ್ರದುರ್ಗ ಸುತ್ತಮುತ್ತ ಹೈಸ್ಕೂಲು, ಪಿಯುಸಿ ಓದ್ತಿರೋ ಮಕ್ಕಳಿಗೆ ಇವತ್ತು ಒಂದೇ ಮಾತು ಹೇಳ್ಬೇಕು, ಲ್ಯಾಬಲ್ಲಿ ಬಂದ ರೀಡಿಂಗನ್ನ ಅಳಿಸ್ಬೇಡಿ.

ನೀರು ಕುದಿಸಿ ಥರ್ಮಾಮೀಟರ್ ಇಟ್ರೆ ನಮ್ಮ ದುರ್ಗದಲ್ಲಿ ಪಾದರಸ 97, 98 ಡಿಗ್ರಿ ಹತ್ರಾನೇ ನಿಂತ್ಬಿಡುತ್ತೆ, ಉರಿ ಎಷ್ಟೇ ಜೋರು ಮಾಡಿದ್ರೂ ಮೇಲೇಳಲ್ಲ, ಆಗ ಹುಡುಗ್ರು ಪಕ್ಕದೋರ ಮುಖ ನೋಡ್ತಾರೆ, ಪುಸ್ತಕ ನೋಡ್ತಾರೆ, ರೆಕಾರ್ಡಲ್ಲಿ 100 ಅಂತ ಬರ್ದುಬಿಡ್ತಾರೆ. ಇದು ನಂಗೆ ತುಂಬಾ ಬೇಜಾರು. ಥರ್ಮಾಮೀಟರ್ ಹೇಳ್ತಿರೋದು ನಿಜ ಕಣ್ರಪ್ಪ! ನಮ್ಮೂರು ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಗಾಳಿ ಒತ್ತಡ ಕಮ್ಮಿ, ಸುಮಾರು 300 ಮೀಟರ್ ಏರಿದ್ರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತೆ. ಪುಸ್ತಕದ 100 ಸಮುದ್ರಮಟ್ಟದ್ದು. ಉಪಕರಣದ ಮೇಲೇ ಅನುಮಾನ ಇದ್ರೆ ಕರಗ್ತಿರೋ ಐಸಲ್ಲಿಟ್ಟು ನೋಡಿ, 0 ತೋರಿಸ್ಬೇಕು, ತೋರಿಸ್ಲಿಲ್ಲ ಅಂದ್ರೆ ಅದು ಉಪಕರಣದ ದೋಷ.

ಇನ್ನು ಲೋಲಕ, ಅಂದ್ರೆ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸೋದು. ಒಂದು ಮೀಟರ್ ದಾರ ಕಟ್ಟಿದ್ರೆ ಒಂದು ಸಲ ಹೋಗಿ ಬರೋಕೆ, ಅಂದ್ರೆ ಒಂದು ಆಂದೋಲನಕ್ಕೆ, ಹೆಚ್ಚುಕಮ್ಮಿ 2 ಸೆಕೆಂಡು. ಕಣ್ಣು ನೋಡಿ ಬೆರಳು ಸ್ಟಾಪ್‌ವಾಚ್ ಒತ್ತೋಷ್ಟರಲ್ಲಿ 0.2 ಸೆಕೆಂಡ್ ಹೋಗಿರುತ್ತೆ, ಎಂಥಾ ಜಾಣ ಆದ್ರೂ ಅಷ್ಟೇ. ಒಂದೇ ಆಂದೋಲನ ಅಳೆದು 2.2 ಅಂತ ಹಾಕಿದ್ರೆ ಇದ್ರಿಂದ ಲೆಕ್ಕ ಹಾಕೋ ಗುರುತ್ವ ವೇಗೋತ್ಕರ್ಷ (ಬೀಳೋ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಏರುತ್ತೆ ಅನ್ನೋದು) 9.8 ಬದ್ಲು 8ರ ಹತ್ರ ಬರುತ್ತೆ, ಯಾಕಂದ್ರೆ ಸೂತ್ರದಲ್ಲಿ ಕಾಲದ ವರ್ಗ ಇದೆ, ಹತ್ತು ಪರ್ಸೆಂಟ್ ತಪ್ಪು ಇಪ್ಪತ್ತು ಪರ್ಸೆಂಟ್ ಹತ್ರ ಆಗುತ್ತೆ. ಅದಕ್ಕೇ ಮೇಷ್ಟ್ರು 20 ಆಂದೋಲನ ಎಣಿಸಿ ಭಾಗಿಸಿ ಅನ್ನೋದು, ಅದೇ 0.2 ಈಗ 20ಕ್ಕೆ ಹಂಚಿಹೋಗಿ ಒಂದಕ್ಕೆ 0.01 ಅಷ್ಟೇ ಉಳಿಯುತ್ತೆ.

ಆದ್ರೆ ಎಲ್ಲಾ ದೋಷಾನೂ ಹೀಗೆ ಸರಾಸರಿಗೆ ಬಗ್ಗಲ್ಲ. ಉದ್ದ ಅಳೆಯೋವಾಗ ಗುಂಡಿನ ನಡುಮಧ್ಯದವರೆಗೆ ಅಳೀಬೇಕು, ಸುಮಾರು ಜನ ದಾರ ಮುಗಿಯೋ ಜಾಗಕ್ಕೇ ನಿಲ್ಲಿಸ್ತಾರೆ, 2 ಸೆಂಟಿಮೀಟರ್ ವ್ಯಾಸದ ಗುಂಡಾದ್ರೆ ಪ್ರತಿ ರೀಡಿಂಗಲ್ಲೂ 1 ಸೆಂಟಿಮೀಟರ್ ಕಮ್ಮಿ, ನೂರು ಸಲ ಅಳೆದ್ರೂ ಅದು ಹಂಗೇ ಇರುತ್ತೆ. ಇದನ್ನ ಹಿಡಿಯೋಕೆ ಗ್ರಾಫ್ ಹಾಕಿ: ಬೇರೆಬೇರೆ ಉದ್ದ ತಗೊಂಡು, ಅಡ್ಡಕ್ಕೆ ಉದ್ದ, ಮೇಲಕ್ಕೆ ಕಾಲದ ವರ್ಗ. ಗೆರೆ ನೇರವಾಗೇ ಬರುತ್ತೆ ಆದ್ರೆ ಮೂಲಬಿಂದುವಿಗೆ ಸೇರಲ್ಲ, ಹಿಂದಕ್ಕೆ ಎಳೆದ್ರೆ ಉದ್ದದ ಅಕ್ಷಾನ ಮೈನಸ್ 1 ಸೆಂಟಿಮೀಟರ್ ಹತ್ರ ಮುಟ್ಟುತ್ತೆ, ನೀವು ಬಿಟ್ಟ ಆ ಗುಂಡಿನ ತ್ರಿಜ್ಯ ಅದು. ಗೆರೆಯ ಇಳಿಜಾರು ಮಾತ್ರ ಕೆಟ್ಟಿರಲ್ಲ, ಅದ್ರಿಂದ ಲೆಕ್ಕ ಹಾಕಿದ್ರೆ 9.8ರ ಹತ್ರಾನೇ ಸಿಗುತ್ತೆ.