ಬೆನ್ನು ಮುಂದಾಗಿ ಓಡುವುದು

ಎಲ್ಲರಿಗೂ ನಮಸ್ಕಾರ.

ಹಿನ್ನಡೆ, ಹಿಂಜರಿಕೆ, ಹಿಂದೇಟು, ಹಿಮ್ಮೆಟ್ಟುವಿಕೆ. ನಮ್ಮ ಭಾಷೆಯಲ್ಲಿ ಹಿಂದಕ್ಕೆ ಸರಿಯುವುದನ್ನು ಹೇಳುವ ಮಾತುಗಳೆಲ್ಲ ಸೋಲಿನ ಕಡೆಗೇ ವಾಲುತ್ತವೆ. ಹಿಮ್ಮುಖ ಓಟ ಎಂದ ಕೂಡಲೇ ಅದನ್ನು ಮಕ್ಕಳಾಟ ಎಂದು ಬದಿಗಿಡುವವರು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಪಾದವನ್ನು ನೆಲಕ್ಕೆ ಇಳಿಸುವುದು ಹೇಗೆ ಎಂಬುದನ್ನು ಮಾತ್ರ ನಾನು ಕಲಿತದ್ದು ಈ ಓಟದಿಂದಲೇ. ಅದಕ್ಕೂ ಮೊದಲು ಎಷ್ಟೋ ವರ್ಷ ಮುಂದಕ್ಕೆ ಓಡಿದ್ದೆ. ಆದರೆ ಪಾದ ಹೇಗೆ ಬೀಳುತ್ತಿದೆ ಎಂದು ಒಮ್ಮೆಯೂ ಗಮನಿಸಿರಲಿಲ್ಲ.

ದಯವಿಟ್ಟು ಎದ್ದು ನಿಲ್ಲಿ. ಜಾಗವಿದ್ದವರು ಮೂರು ಹೆಜ್ಜೆ ಹಿಂದಕ್ಕೆ ಇಡಿ. ನೆಲಕ್ಕೆ ಮೊದಲು ತಾಗಿದ್ದು ಯಾವುದು? ಬೆರಳುಗಳ ಬುಡ. ಆಮೇಲೆ ಅಂಗಾಲು, ಕಡೆಗೆ ಹಿಮ್ಮಡಿ. ಮುಂದಕ್ಕೆ ಓಡುವಾಗ ನಮ್ಮಲ್ಲಿ ಬಹಳ ಮಂದಿ ಹಿಮ್ಮಡಿಯನ್ನೇ ಮೊದಲು ಊರುತ್ತೇವೆ, ಅದರ ಪೆಟ್ಟು ಕಾಲಿನುದ್ದಕ್ಕೂ ಏರುತ್ತದೆ. ಹಿಂದಕ್ಕೆ ಓಡುವಾಗ ಮೀನಖಂಡ ಆ ಭಾರವನ್ನು ಮೊದಲೇ ಹಿಡಿದು ನಿಧಾನವಾಗಿ ಕೆಳಗಿಳಿಸುತ್ತದೆ. ಕೂತುಕೊಳ್ಳಿ.

ಇಟಲಿಯ ಶರೀರಶಾಸ್ತ್ರಜ್ಞ ಜೊವಾನಿ ಕವಾನ್ಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನು ಅಳೆದು ತೋರಿಸಿತು. ಮುಂದಕ್ಕೆ ಓಡುವಾಗ ಗಟ್ಟಿಯಾಗಿ ಇಳಿದು ಮೆತ್ತಗೆ ಮೇಲೇಳುತ್ತೇವೆ. ಹಿಂದಕ್ಕೆ ಓಡುವಾಗ ಮೆತ್ತಗೆ ಇಳಿದು ಗಟ್ಟಿಯಾಗಿ ಮೇಲೇಳುತ್ತೇವೆ. ಸ್ನಾಯುವಿಗೆ ಒಂದು ಗುಣವಿದೆ. ಭಾರ ಅದನ್ನು ಎಳೆದು ಉದ್ದ ಮಾಡುವಾಗ ಅದು ಹೆಚ್ಚು ಬಲ ಕೊಡಬಲ್ಲದು, ತಾನೇ ಕುಗ್ಗುತ್ತಾ ಭಾರವನ್ನು ಎತ್ತುವಾಗ ಕಡಿಮೆ. ತುಂಬಿದ ಕೊಡವನ್ನು ಎತ್ತುವುದಕ್ಕಿಂತ ಇಳಿಸುವುದು ಸುಲಭವಾಗಿರುವುದು ಇದರಿಂದಲೇ. ಹಿಮ್ಮುಖ ಓಟದಲ್ಲಿ ಹೆಚ್ಚಿನ ಬಲ ಬೇಕಾಗುವುದು ಎತ್ತುವ ಹಂತದಲ್ಲಿ. ಮೇಲಾಗಿ ಮುಂದೋಟದಲ್ಲಿ ಸ್ಪ್ರಿಂಗಿನಂತೆ ಎಳೆದು ಚಿಮ್ಮುವ ಸ್ನಾಯುರಜ್ಜುಗಳಿಂದ ಸಿಗುವ ಉಚಿತ ನೆರವು ಇಲ್ಲಿ ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ಅದೇ ವೇಗಕ್ಕೆ ಸುಮಾರು ಶೇಕಡಾ 30ರಷ್ಟು ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಸ್ವಲ್ಪ ದೂರಕ್ಕೇ ಏದುಸಿರು ಬಂದರೆ ನಿಮ್ಮಲ್ಲಿ ಶಕ್ತಿ ಕಡಿಮೆ ಎಂದು ತಿಳಿಯಬೇಡಿ.

ಮೊಣಕಾಲಿನ ವಿಷಯ ನನಗೆ ಬಹಳ ಹತ್ತಿರದ್ದು. ಮಂಡಿಚಿಪ್ಪಿನ ಹಿಂದೆ ಸಣ್ಣಗೆ ಕೊರೆಯುವ ನೋವು ನನ್ನನ್ನು ತಿಂಗಳುಗಟ್ಟಲೆ ಕೂರಿಸಿತ್ತು. ಮೆಟ್ಟಿಲು ಇಳಿಯುವಾಗ ಕೈ ತಾನಾಗಿ ಕಂಬಿ ಹಿಡಿಯುತ್ತಿತ್ತು. ಹಿಂದಕ್ಕೆ ಓಡುವಾಗ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುವ ಬಲ ಕಡಿಮೆ, ತೊಡೆಯ ಮುಂಭಾಗದ ಸ್ನಾಯುವಿಗೆ ಮಾತ್ರ ದುಡಿಮೆ ತಪ್ಪುವುದಿಲ್ಲ. ಮೊಣಕಾಲಿಗೆ ಹೊರೆ ಇಳಿಸಿ ತೊಡೆಯನ್ನು ಬಲಪಡಿಸುವ ಇಂಥ ವ್ಯಾಯಾಮಗಳು ಅಪರೂಪ. ನಾನು ನಡಿಗೆಯಿಂದ ಶುರುಮಾಡಿ, ಆಮೇಲೆ ಹುಲ್ಲಿನ ಮೇಲೆ ಇಪ್ಪತ್ತು ಇಪ್ಪತ್ತು ಮೀಟರ್ ಓಡಿದೆ. ಮೊದಲ ವಾರ ಮೀನಖಂಡಗಳು ಕಲ್ಲಾಗಿದ್ದವು. ಅದಕ್ಕೆ ಸಿದ್ಧರಾಗಿರಿ. ನೋವು ಇರುವವರು ಫಿಸಿಯೋಥೆರಪಿಸ್ಟರನ್ನು ಕಂಡ ಮೇಲೆಯೇ ಆರಂಭಿಸಿ. ನನ್ನ ಮೊಣಕಾಲಿಗೆ ಒಗ್ಗಿದ್ದು ನಿಮ್ಮದಕ್ಕೂ ಒಗ್ಗುತ್ತದೆ ಎಂದು ನಾನು ಹೇಳಲಾರೆ.

ಇದು ಬರೀ ವ್ಯಾಯಾಮವಲ್ಲ, ಸ್ಪರ್ಧೆಯೂ ಹೌದು. 2006ರಲ್ಲಿ ಸ್ವಿಟ್ಜರ್ಲೆಂಡಿನ ರೋಟ್‌ಕ್ರೂಯಿಟ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಜರ್ಮನಿಯ ರೋಲಾಂಡ್ ವೆಗ್ನರ್ 100 ಮೀಟರನ್ನು ಹಿಮ್ಮುಖವಾಗಿ 13.6 ಸೆಕೆಂಡಿನಲ್ಲಿ ಓಡಿದರು. ಉಸೇನ್ ಬೋಲ್ಟ್ ಅವರ 9.58ರ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ: ಬೆನ್ನು ಮುಂದಾಗಿ ಓಡಿದರೂ ಜಗತ್ತಿನ ಅತಿ ವೇಗದ ಮನುಷ್ಯನ ವೇಗದಲ್ಲಿ ಶೇಕಡಾ 70ರಷ್ಟು! ಚೀನಾದ ಶೂ ಝೆನ್‌ಜುನ್ 2004ರಲ್ಲಿ ಬೀಜಿಂಗ್ ಮ್ಯಾರಥಾನನ್ನು ಹೀಗೆ 3 ಗಂಟೆ 43 ನಿಮಿಷ 39 ಸೆಕೆಂಡಿನಲ್ಲಿ ಮುಗಿಸಿದರು. ನೇರವಾಗಿ ಓಡಿಯೂ ನಾಲ್ಕು ಗಂಟೆಯೊಳಗೆ ಮುಗಿಸಲಾಗದೆ ಹೆಣಗುವ ಎಷ್ಟೋ ಮಂದಿಗೆ ಆ ಸಮಯದ ಬೆಲೆ ಗೊತ್ತು. ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿದವರು ಭಾರತದ ಅರವಿಂದ ಪಾಂಡ್ಯ. 1984ರಲ್ಲಿ ಅವರು ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿನವರೆಗೆ, ಸುಮಾರು 5,000 ಕಿಲೋಮೀಟರ್, 107 ದಿನಗಳಲ್ಲಿ ಹಿಂದಕ್ಕೇ ಓಡಿದರು. ಒಂದು ಇಡೀ ಖಂಡ ದಿನದಿನವೂ ತಮ್ಮ ಕಣ್ಣೆದುರಿನಿಂದ ದೂರ ಸರಿಯುವುದನ್ನು ಅವರು ನೋಡಿದ್ದಾರೆ.

ಆ ನೋಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಂದೋಟದಲ್ಲಿ ದೂರದ ವಸ್ತು ದೊಡ್ಡದಾಗುತ್ತಾ ಬಳಿಗೆ ಬರುತ್ತದೆ. ಇಲ್ಲಿ ಪಕ್ಕದ ಮರ ಕಣ್ಣಂಚಿನಿಂದ ಥಟ್ಟನೆ ಒಳಗೆ ನುಗ್ಗಿ, ಚಿಕ್ಕದಾಗುತ್ತಾ ನಡುವಿಗೆ ಸರಿಯುತ್ತದೆ. ಮುಂದಿನ ಹೆಜ್ಜೆಯ ಬಗ್ಗೆ ಕಣ್ಣು ಏನನ್ನೂ ಹೇಳುವುದಿಲ್ಲ. ಆಗ ಕಿವಿ ಚುರುಕಾಗುತ್ತದೆ, ಅಂಗಾಲು ನೆಲದ ಏರುತಗ್ಗುಗಳನ್ನು ಓದತೊಡಗುತ್ತದೆ. ಭಯವಾಗುವುದೂ ನಿಜ. ಆದರೆ ಭಯದಿಂದ ಬೆನ್ನನ್ನು ಹಿಂದಕ್ಕೆ ವಾಲಿಸಿದವರೇ ಬೀಳುವುದು ಹೆಚ್ಚು. ಎದೆಯನ್ನು ಪಾದಗಳ ಮೇಲೆಯೇ ಇರಿಸಿ, ಮೊಣಕಾಲು ಸ್ವಲ್ಪ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ.

ಟ್ರ್ಯಾಕ್ ಸಿಕ್ಕರೆ ಅನುಕೂಲ. ನಿಮ್ಮಿಂದ ದೂರ ಹೋಗುತ್ತಿರುವ ಲೇನಿನ ಬಿಳಿ ಗೆರೆಯ ಮೇಲೆ ಕಣ್ಣಿಟ್ಟರೆ ಹಾದಿ ಓರೆಯಾಗುವುದಿಲ್ಲ. ಕತ್ತು ತಿರುಗಿಸಿ ನೋಡಬೇಕಾದಾಗ ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ನೋಡಿ. ಒಂದೇ ಕಡೆ ತಿರುಗುತ್ತಿದ್ದರೆ ಕತ್ತು ಹಿಡಿದುಕೊಳ್ಳುತ್ತದೆ. ವಾಹನ ಓಡಾಡುವ ರಸ್ತೆ ಬೇಡವೇ ಬೇಡ.

ಈಗ ಹೊರಗೆ ಮೈದಾನಕ್ಕೆ ಹೋಗೋಣ. ಇಬ್ಬಿಬ್ಬರು ಜೊತೆಯಾಗಿ: ಒಬ್ಬರು ಹಿಂದಕ್ಕೆ ಓಡಲಿ, ಇನ್ನೊಬ್ಬರು ಅವರ ಮುಖ ನೋಡುತ್ತಾ ಮುಂದಕ್ಕೆ ಓಡಲಿ. ಹಿಂದಕ್ಕೆ ಓಡುವವರಿಗೆ ದಾರಿ ಕಾಣುವುದು ಎದುರಿನವರ ಮಾತಿನಲ್ಲಿ. ಹಾಗಾಗಿ "ಹುಷಾರು" ಎಂದಷ್ಟೇ ಕೂಗಬೇಡಿ. "ನಿಲ್ಲಿ" ಎನ್ನಿ, "ನಿಮ್ಮ ಎಡಕ್ಕೆ" ಎನ್ನಿ. ಮೂವತ್ತು ಹೆಜ್ಜೆ ಆದ ಮೇಲೆ ಪಾತ್ರ ಬದಲಾಯಿಸಿಕೊಳ್ಳಿ.